ಉಡಿ ಝಾಡಿಸುವ ಹೊತ್ತು

ಹೊತ್ತು ಮುಳುಗಿದರೆ ಸಾಕು, ತಿಪ್ಪವ್ವ ಗೋಡೆ ಹಿಡಿದು ನಡೆಯುತ್ತಿದ್ದಳು. ಆ ಸಂಜೆ ಅವಳ ಕಾಲು ಬಡಿದು ನುಚ್ಚಿನ ಗಡಿಗೆ ಉರುಳಿತು. ಇದ್ದ ನುಚ್ಚೆಲ್ಲ ನೆಲದ ಪಾಲಾಯಿತು. ದಿನವಿಡೀ ಬಗ್ಗಿ ಕಳೆ ಕಿತ್ತು ಸೊಂಟ ಬಿದ್ದುಹೋಗಿದ್ದ ಅಡಿವೆವ್ವ ಮಗಳ ಬೆನ್ನಿಗೆ ಒಂದು ಹಾಕಿದಳು.

"ಕಣ್ಣ ಕಾಣೂದಿಲ್ಲೇನ ನಿನಗ?"

"ಕಾಣೂದಿಲ್ಲವ್ವಾ. ದೀಪ ಹಚ್ಚಿದ್ರೂ ಕಾಣೂದಿಲ್ಲ."

ಮತ್ತೆ ಎತ್ತಿದ್ದ ಕೈ ಹಾಗೇ ನಿಂತಿತು.

ಬೆಳಗಾಗುತ್ತಲೇ ಮಗಳನ್ನು ಕರೆದುಕೊಂಡು ಶಾಲೆಗೆ ಹೋದಳು. ಮಾಸೂರಿನ ಆ ಶಾಲೆಯಲ್ಲಿ ತಿಪ್ಪವ್ವನ ಒಂದನೇ ಇಯತ್ತೆಗೆ ಕಲಿಸುವವರು ಸರೋಜವ್ವ ಅಕ್ಕೋರು. ಆಹಾರದ ಪಾಠಕ್ಕೆಂದು ಮೇಲಿನಿಂದ ಒಂದು ಪಟ ಬಂದಿತ್ತು. ಅದರ ತುಂಬ ಸೇಬು, ದ್ರಾಕ್ಷಿ, ತತ್ತಿ, ಹಾಲು. ಪಟ ಬರೆಸಿದ ಪುಣ್ಯಾತ್ಮರು ಇಲ್ಲಿಯ ಮಕ್ಕಳ ಗಂಗಾಳ ಎಂದೂ ಇಣುಕಿ ನೋಡಿರಲಿಲ್ಲ. ಅಕ್ಕೋರು ಅದನ್ನು ಸುತ್ತಿ ಮೂಲೆಗಿಟ್ಟು, ಹಾದಿಬದಿ ಸಿಕ್ಕ ನಾಲ್ಕು ಎಲೆ ತಂದು ಮಕ್ಕಳ ಕೈಗೆ ಕೊಟ್ಟೇ ಪಾಠ ಮಾಡುತ್ತಿದ್ದರು.

ತಿಪ್ಪವ್ವನ ಕಣ್ಣು ನೋಡಿ ಅಂದರು, "ಇರುಳುಗಣ್ಣು, ಅಡಿವೆವ್ವ. ರೊಕ್ಕದ ಔಷಧ ಬ್ಯಾಡ. ಹೊನಗೊನ್ನಿ ಸೊಪ್ಪು ದಿನಾ ಒಂದ ಮುಷ್ಟಿ ತಿನ್ನಸ."

ಅಡಿವೆವ್ವನಿಗೆ ನಗುವೇ ಬಂತು. "ಅಷ್ಟೇನ್ರಿ ಅಕ್ಕೋರ? ದಿನಾ ಅದನ್ನ ಕಿತ್ತು ಒಗಿಯಾಕತ್ತೇನಲ್ರಿ."

ಸುಳ್ಳಲ್ಲ. ಅವಳು ಕೂಲಿಗೆ ಹೋಗುತ್ತಿದ್ದ ಸಾಹುಕಾರ ಮಹಾಲಿಂಗಪ್ಪನ ಭತ್ತದ ಗದ್ದೆಯಲ್ಲಿ ಹೊನಗೊನ್ನೆಯೇ ದೊಡ್ಡ ಕಳೆ. ಅವತ್ತು ಕೀಳುತ್ತ ಕೀಳುತ್ತ ಒಂದು ಹಿಡಿ ಸೀರೆಯ ಉಡಿಗೆ ಹಾಕಿಕೊಂಡಳು.

ಸಂಜೆ ಬದುವಿನ ಮೇಲೆ ಹೆಂಗಸರೆಲ್ಲ ಉಡಿ ಝಾಡಿಸಿ ಮನೆಗೆ ಹೋಗಬೇಕು. ಸುಗ್ಗಿಯಲ್ಲಿ ಯಾರೋ ತೆನೆ ಒಯ್ದಾರೆಂದು ಹುಟ್ಟಿದ ಪದ್ಧತಿ, ತೆನೆಯೇ ಇಲ್ಲದ ಕಾಲಕ್ಕೂ ಉಳಿದುಕೊಂಡಿತ್ತು. ಅಡಿವೆವ್ವನ ಉಡಿಯಿಂದ ಸೊಪ್ಪು ಉದುರಿತು.

"ಏನಿದು?" ಎಂದ ಮಹಾಲಿಂಗಪ್ಪ.

"ಕಸಾರಿ ಸಾವ್ಕಾರ್ರ. ಮಗಳ ಕಣ್ಣಿಗೆ."

"ನನ್ನ ಗದ್ಯಾಗಿನ ಕಸಾನೂ ನಂದ. ನನ್ನ ಎಮ್ಮಿ ಮಣ್ಣ ತಿನ್ನಬೇಕೇನ? ಇವತ್ತ ಸೊಪ್ಪಂತಿ, ನಾಳೆ ಭತ್ತ ಅಂತಿ."

"ಒಂದ ಮುಷ್ಟಿರಿ."

ಅವನು ಕೋಲಿನಿಂದ ಆ ಸೊಪ್ಪನ್ನು ಎಮ್ಮೆಯ ಮೇವಿನ ರಾಶಿಗೆ ನೂಕಿದ. ಕೆರೆಯ ಕೆಳಗಿನ ಭೂಮಿಯೆಲ್ಲ ಅವನದು, ಇಲ್ಲವೆ ಅವನ ಬೀಗರದು. ಬದುವಿನ ಹುಲ್ಲಿಗೂ ಕಾವಲು; ಹಾದಿಬದಿಯಲ್ಲಿ ದನ ಮೇಯ್ದು ಉಳಿದದ್ದು ನಾಲ್ಕು ಎಲೆ ಮಾತ್ರ. ಅಕ್ಕೋರು ತಾವೇ ಹೋಗಿ ಕೇಳಿದರು. ಅವನೇ ಶಾಲಾ ಸಮಿತಿಯ ಅಧ್ಯಕ್ಷನೂ ಹೌದು.

"ಪಾಠ ಸಾಲ್ಯಾಗ ಮಾಡ್ರಿ ಬಾಯಾರ, ನನ್ನ ಗದ್ಯಾಗ ಬ್ಯಾಡ" ಎಂದ.

ಅಂದಿನಿಂದ ಪಾಠದ ಆ ನಾಲ್ಕು ಎಲೆಗಳನ್ನೇ ಅಕ್ಕೋರು ತಿಪ್ಪವ್ವನ ಕೈಗೆ ಹಾಕಿ ಕಳಿಸುತ್ತಿದ್ದರು. ನಾಲ್ಕು ಎಲೆ ಯಾವ ಮೂಲೆಗೆ ಸಾಕು?

ದೀಪಾವಳಿಯ ಹೊತ್ತಿಗೆ ಊರಿಗೆ ದಡಾರ ಬಂತು. ತಿಪ್ಪವ್ವನ ಜ್ವರ ಇಳಿಯಿತು, ಕಣ್ಣು ತೆರೆಯಲಿಲ್ಲ. ತೆರೆದಾಗ ಕಪ್ಪುಗುಡ್ಡೆ ಗಂಜಿಯ ಹಾಗೆ ಬೆಳ್ಳಗಾಗಿತ್ತು. ಅಡಿವೆವ್ವ ಪೇಟೆಯ ಡಾಕ್ಟರರ ಹತ್ತಿರ ಓಡಿದಳು.

ಅವರು ನೋಡಿ ಸಿಟ್ಟಾದರು. "ಎಲ್ಲಾ ಮುಗದೈತಿ. ಹಾದಿಬೀದ್ಯಾಗ ಪುಕ್ಕಟೆ ಸಿಗೋ ಸೊಪ್ಪು. ಅಷ್ಟೂ ತಿನ್ನಸಾಕ ಆಗಲಿಲ್ಲೇನ? ಎಂಥಾ ತಾಯಿ ನೀ?"

ಅಡಿವೆವ್ವ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಹಸಿರು ಕಲೆ ಇನ್ನೂ ಇತ್ತು. ಮಳೆಗಾಲವಿಡೀ ಎಮ್ಮೆಗಳಿಗೆ ಗಾಡಿಗಟ್ಟಲೆ ಹೊನಗೊನ್ನೆ ಕಿತ್ತುಕೊಟ್ಟ ಕೈ. ಅದೇ ಕೈಯಿಂದ ಮಗಳ ಕೈ ಹಿಡಿದು ಹೊರಗೆ ಬಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಕೇಳಿದಳು, "ಅವ್ವಾ, ಹೊತ್ತು ಮುಳುಗಿತೇನ?"

ಹೊರಗೆ ನಡುಮಧ್ಯಾಹ್ನದ ಬಿಸಿಲು ರಣಗುಡುತ್ತಿತ್ತು. "ಹೂಂ" ಎಂದಳು ಅಡಿವೆವ್ವ.

ಬೇಸಿಗೆ ಭತ್ತಕ್ಕೆ ಕಳೆ ಎದ್ದಿತು. ಹೊಟ್ಟೆ ಕೇಳಬೇಕಲ್ಲ, ಅಡಿವೆವ್ವ ಮತ್ತೆ ಅದೇ ಗದ್ದೆಗೆ ಇಳಿದಳು. ಪಕ್ಕದಲ್ಲಿ ಕಳೆ ಕೀಳುತ್ತಿದ್ದ ಭರಮವ್ವ ಮೆಲ್ಲಗೆ ಅಂದಳು, "ಅಕ್ಕಾ, ನಮ್ಮ ಸಣ್ಣವನೂ ಸಂಜಿ ಆದ್ರ ತಡಕಾಡಾಕತ್ತಾನ."

ಅಡಿವೆವ್ವ ಎಲ್ಲರಿಗೂ ಕಾಣುವ ಹಾಗೆ ಉಡಿ ತುಂಬ ಹೊನಗೊನ್ನೆ ಹಾಕಿಕೊಂಡಳು.

"ಝಾಡಸ" ಎಂದ ಮಹಾಲಿಂಗಪ್ಪ, ಸಂಜೆ ಬದುವಿನ ಮೇಲೆ.

ಅವಳು ಝಾಡಿಸಲಿಲ್ಲ. ಭರಮವ್ವನ ಮುಂದೆ ಹೋಗಿ, ತವರಿಗೆ ಬಂದ ಮಗಳಿಗೆ ಉಡಿ ತುಂಬುವ ಹಾಗೆ, ಅಷ್ಟೂ ಸೊಪ್ಪನ್ನು ಅವಳ ಉಡಿಗೆ ಹಾಕಿದಳು.

"ನನ್ನ ಮಗಳಿಗೆ ಇನ್ನ ಬ್ಯಾಡವಾ. ನಿನ್ನ ಮಗನ ಕಣ್ಣಾಗ ಇನ್ನೂ ಬೆಳಕೈತಿ. ಒಯ್ಯಿ."

"ನಾಳಿಂದ ಕೆಲಸಕ್ಕ ಬರಬ್ಯಾಡ ನೀ" ಎಂದ ಸಾಹುಕಾರ.

"ಬರೂದಿಲ್ರಿ. ಕಸಾನೂ ನಂದ ಅಂದ್ರಲ್ಲ, ನೀವ ಕಿತ್ಕೊಳ್ರಿ."

ಭರಮವ್ವ ಉಡಿ ಬಿಗಿಯಾಗಿ ಸಿಕ್ಕಿಸಿಕೊಂಡು ಅವನೆದುರಿಗೇ ದಾಟಿದಳು. ಉಳಿದ ಹೆಂಗಸರು ಮೇವಿನ ರಾಶಿಗೆ ಬಗ್ಗಿದರು, ಒಂದೊಂದು ಹಿಡಿ ಎತ್ತಿಕೊಂಡು ಅವಳ ಹಿಂದೆ ನಡೆದರು. ಅವತ್ತು ಆ ಬದುವಿನ ಮೇಲೆ ಯಾರೂ ಉಡಿ ಝಾಡಿಸಲಿಲ್ಲ.

ಅಡಿವೆವ್ವ ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ತಿಪ್ಪವ್ವ ಹೊಸ್ತಿಲ ಮೇಲೆ ಕುಳಿತು ಅವ್ವನ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟಿದ್ದಳು.