ಹತ್ತಿಬೀಜ ನಮ್ಮ ಮನೆಯಲ್ಲಿದ್ದ ಒಂಬತ್ತು ತಿಂಗಳು

ಚಳಿ ಬಿಡುತ್ತಿದ್ದ ಕಾಲ, ಸಂಜೆ ಐದೂವರೆ. ಅಂಗಡಿಯಲ್ಲಿ ಕೂತು ಹಾಸಿಗೆಯೊಂದಕ್ಕೆ ಕೊನೆಯ ಹೊಲಿಗೆ ಹಾಕುತ್ತಿದ್ದೆ. ಹನ್ನೆರಡು ವರ್ಷವಾಯಿತು, ಆ ಹಾಸಿಗೆಯ ನೀಲಿ ಪಟ್ಟೆ ಬಟ್ಟೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಕ್ಕಳ ರಕ್ಷಣೆಯ ಕೆಲಸ ಮಾಡುವ ಹೆಣ್ಣುಮಗಳೊಬ್ಬರು ಒಳಗೆ ಬಂದರು. ಹೆಗಲಲ್ಲಿ ಅವರಿಗಿಂತ ದೊಡ್ಡ ಚೀಲ. ಬೀದಿಯವರೆಲ್ಲ ಅವರನ್ನು ಚೀಲದಕ್ಕ ಎನ್ನುತ್ತಿದ್ದರು.

"ಅಣ್ಣ, ನಿಮ್ಮನೇಲಿ ಒಂದು ಮಗೂಗೆ ಜಾಗ ಇದ್ಯಾ ಅಂತ ಕೇಳೋಕೆ ಬಂದೆ."

ನಮ್ಮ ಮಗಳು ಮದುವೆಯಾಗಿ ಹೋಗಿ ಆರು ವರ್ಷವಾಗಿತ್ತು. ನನಗೆ ಐವತ್ತು ದಾಟಿತ್ತು. "ದತ್ತು ತಗೊಳ್ಳೋ ವಯಸ್ಸೇನಮ್ಮ ನಂದು?" ಎಂದೆ.

"ದತ್ತು ಅಲ್ಲಣ್ಣ. ದತ್ತು ಅಂದ್ರೆ ಮಗು ಕೊನೇತನಕ ನಿಮ್ದೇ. ಇದು ಪೋಷಕತ್ವ. ಹೆತ್ತವರು ಕಾಯಿಲೆ ಬಿದ್ದಿರ್ತಾರೆ, ಇಲ್ಲಾ ನೋಡಿಕೊಳ್ಳೋ ಸ್ಥಿತೀಲಿರಲ್ಲ. ಅವರು ಸುಧಾರಿಸಿಕೊಳ್ಳೋ ತನಕ ಮಗು ನಿಮ್ಮನೇಲಿರುತ್ತೆ. ಆಮೇಲೆ ವಾಪಸ್ ಹೋಗುತ್ತೆ."

ನಾನು ಸೂಜಿ ಕೆಳಗಿಟ್ಟೆ. "ಹಚ್ಚಿಕೊಂಡ ಮೇಲೆ ಕಿತ್ಕೊಂಡು ಹೋಗ್ತೀರಾ? ಚೆನ್ನಾಗಿದೆ."

ನನ್ನ ಹಿಂದೆ ಕೂತು ಹತ್ತಿ ಬಿಡಿಸುತ್ತಿದ್ದ ಹೆಂಡತಿ ಬಾಯಿ ಹಾಕಿದಳು. "ಊರೋರ ಹಾಸಿಗೆ ತಂದಿಟ್ಕೊಂಡು ಜೋಪಾನ ಮಾಡ್ತೀರಲ್ಲ, ನಂದು ಅಂತ ಅದರ ಮೇಲೆ ಮಲಗಿಬಿಡ್ತೀರಾ?"

ಚೀಲದಕ್ಕ ನಕ್ಕು ಹತ್ತಿಯ ಮೂಟೆಯ ಮೇಲೆ ಕೂತರು. "ಮೊದಲು ಅಜ್ಜಿ, ಮಾವ, ಚಿಕ್ಕಮ್ಮ ಅಂತ ಬಂಧುಗಳನ್ನೇ ಹುಡುಕ್ತೀವಿ. ಗೊತ್ತಿರೋ ಮುಖ ಇದ್ರೆ ಮಗು ಹೆದರಲ್ಲ. ಯಾರೂ ಸಿಗದಿದ್ರೆ ನಿಮ್ಮಂಥವರ ಮನೆ."

"ಎಷ್ಟು ದಿನ?"

"ಒಂದೊಂದು ಮಗೂದು ಒಂದೊಂದು ಥರ ಅಣ್ಣ. ಇದ್ದಕ್ಕಿದ್ದಂಗೆ ಕಷ್ಟ ಬಂದಾಗ ನಾಲ್ಕು ದಿನದ ಮಟ್ಟಿಗೆ ತುರ್ತು ಪಾಲನೆ. ತಾಯಿ ಆಸ್ಪತ್ರೇಲಿದ್ರೆ ಕೆಲವು ತಿಂಗಳು. ಮನೆಗೆ ಹೋಗೋ ದಾರಿನೇ ಇಲ್ಲದ ಮಕ್ಕಳು ದೊಡ್ಡವರಾಗೋ ತನಕ ಇರ್ತಾರೆ."

"ನಮ್ಮ ಕೈಲಿ ಅಷ್ಟು ದಿನ ಆಗಲ್ಲ ಅಂದ್ರೆ?"

"ಅದೂ ಉಂಟು. ಅಂಗವಿಕಲ ಮಗೂನ ಹಗಲೂ ರಾತ್ರಿ ನೋಡಿಕೊಳ್ಳೋ ಅಪ್ಪ ಅಮ್ಮ ಇರ್ತಾರೆ. ತಿಂಗಳಿಗೆ ಎರಡು ದಿನ ಆ ಮಗೂನ ನೋಡಿಕೊಂಡ್ರೆ ಅವರಿಗೆ ಉಸಿರಾಡೋಕೆ ಬಿಡುವು."

ಕೊನೆಗೆ ಹೆಂಡತಿಯ ಮಾತಿಗೆ ಒಪ್ಪಿದೆ. ಒಪ್ಪಿದ ತಕ್ಷಣ ಮಗುವನ್ನು ಕೊಡಲಿಲ್ಲ. ಎರಡು ಸಲ ಮನೆಗೆ ಬಂದು ಅಡುಗೆಮನೆ, ಬಚ್ಚಲು, ಮಗು ಮಲಗುವ ಜಾಗ ಎಲ್ಲ ನೋಡಿದರು. ನಮ್ಮ ಆರೋಗ್ಯ ವಿಚಾರಿಸಿದರು, ನಮ್ಮ ಬಗ್ಗೆ ಪೊಲೀಸರ ಹತ್ತಿರವೂ ಕೇಳಿದರು. ಎದುರಿನ ಕ್ಷೌರದಂಗಡಿಯವನನ್ನು "ಇವರು ಬೈತಾರಾ?" ಎಂದು ಕೇಳಿದರೆ, "ಬೈಯೋಕೆ ಬಾಯಿ ತೆಗೀಬೇಕಲ್ಲ ಮೇಡಂ," ಎಂದನಂತೆ.

ಬೇಸಿಗೆ ಏರುವ ಹೊತ್ತಿಗೆ ಹುಡುಗಿ ಬಂದಳು. ಆರು ವರ್ಷ. ಕಟ್ಟಡದ ಕೆಲಸದಲ್ಲಿ ಅವಳ ಅಮ್ಮ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅಪ್ಪ ಇರಲಿಲ್ಲ, ಬಂಧುಗಳೂ ಸಿಕ್ಕಿರಲಿಲ್ಲ. ಸದ್ಯಕ್ಕೆ ಹತ್ತು ದಿನ ಇಟ್ಟುಕೊಳ್ಳಿ ಎಂದು ಚೀಲದಕ್ಕ ಹೇಳಿದ್ದರು. ಎರಡು ಹತ್ತಿ ಮೂಟೆಗಳ ಸಂದಿಯಲ್ಲಿ ಹೊಕ್ಕು ಕೂತವಳು ಅಲುಗಲಿಲ್ಲ. ಹತ್ತಿಬೀಜ ಎಂದು ಹೆಸರಿಟ್ಟೆ.

ಅವಳ ಜೊತೆ ಬಂದದ್ದು ಒಂದು ಪುಟ್ಟ ದಿಂಬು. ಬಟ್ಟೆ ಕೊಳಕಾಗಿತ್ತು, ಒಳಗಿನ ಹತ್ತಿ ಗಂಟುಗಂಟಾಗಿತ್ತು. ಮೂವತ್ತು ವರ್ಷ ಹಾಸಿಗೆ ಹೊಲಿದ ಕೈ, ಸುಮ್ಮನಿರಲಿಲ್ಲ. ಅವಳು ಶಾಲೆಗೆ ಹೋದಾಗ ದಿಂಬು ಬಿಚ್ಚಿ, ಹತ್ತಿ ಬಿಡಿಸಿ, ಬಿಸಿಲಿಗೆ ಹಾಕಿ, ಹೂವಿನ ಬಟ್ಟೆಯ ಹೊಸ ಹೊದಿಕೆ ಹೊಲಿದೆ. ಹಳೆಯದನ್ನು ಸೋಪಿನ ನೀರಿಗೆ ಹಾಕಿದೆ. ಕುಣಿಯುತ್ತಾಳೆ ಎಂದುಕೊಂಡಿದ್ದೆ.

ಅವಳು ದಿಂಬಿಗೆ ಮೂಗು ಒತ್ತಿ ನೋಡಿದಳು. ಮೆಲ್ಲಗೆ ಕೆಳಗಿಟ್ಟಳು. "ಇದು ನಂದಲ್ಲ."

"ನಿಂದೇ ಕಂದ. ಒಳಗೆ ಅದೇ ಹತ್ತಿ."

"ಅಮ್ಮ ಇಲ್ಲ ಇದ್ರಲ್ಲಿ."

ಆಮೇಲೆ ಎರಡು ದಿನ ನೀರು ಬಿಟ್ಟರೆ ಏನೂ ಮುಟ್ಟಲಿಲ್ಲ. ಚೀಲದಕ್ಕ ಬಂದು ಹಣೆ ಮುಟ್ಟಿ ನೋಡಿದರು. "ಹೀಗೇ ಆದ್ರೆ ಬೇರೆ ಮನೆ ನೋಡಬೇಕಾಗುತ್ತೆ ಅಣ್ಣ," ಎಂದರು. ಮೊದಲು ಮಗು ಬೇಡ ಎಂದಿದ್ದವನು ನಾನು. ಆದರೆ ಆ ಮಾತು ಕೇಳಿ, ಇಲ್ಲೇ ಇರಲಿ ಎಂದುಬಿಟ್ಟೆ. ನಡೆದದ್ದೆಲ್ಲ ಹೇಳಿಕೊಂಡೆ.

"ನನಗೆ ಹೇಳಿದ್ರೇನು ಬಂತು? ತಪ್ಪಾಯ್ತು ಅಂತ ಅವಳಿಗೆ ಹೇಳಿ. ಹೊಟ್ಟೆಗೆ ಬಟ್ಟೆಗೆ ನೋಡಿಕೊಂಡ್ರೆ ಸಾಲದು. ಅವಳ ಅಮ್ಮನ ಮಾತು ಮನೇಲಿ ಬರ್ತಿರಲಿ. ಕರ್ಕೊಂಡು ಹೋಗಿ ತೋರಿಸಿ. ತಾಯೀನ ಮರೆಸೋದಲ್ಲ ನಮ್ಮ ಕೆಲಸ, ಉಳಿಸೋದು."

ಮಗುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. "ನಿನ್ನ ಕೇಳದೆ ಮಾಡಿದೆ ತಾಯಿ. ತಪ್ಪಾಯ್ತು." ಅವಳು ಮುಖ ಎತ್ತಿದಳು. ಮರುದಿನವೇ ಆಸ್ಪತ್ರೆಗೆ ಹೋದೆವು.

ಮಂಚದ ಮೇಲೆ ಅಮ್ಮನನ್ನು ಕಂಡವಳು, ಜೊತೆಗೆ ತಂದಿದ್ದ ದಿಂಬನ್ನು ಅಮ್ಮನ ತಲೆಯ ಕೆಳಗೆ ತುರುಕಿದಳು. "ತಲೆ ಎತ್ತಬೇಡ. ನಾನು ಹೋಗೋ ತನಕ ಇದರ ಮೇಲೆ ಮಲಕ್ಕೋ. ನಿನ್ನ ವಾಸನೆ ಬರಬೇಕು."

ತಾಯಿ ನನ್ನ ಕಡೆ ತಿರುಗಿದಳು. "ಅಣ್ಣ, ನನ್ನ ಮಗೂನ ಇಟ್ಕೊಂಡು ಬಿಡ್ತಾರೇನೋ ಅಂತ ನಿದ್ದೇನೇ ಬಂದಿರಲಿಲ್ಲ."

"ಅಮ್ಮ ನೀನೇ ಕಣಮ್ಮ. ನಾವಿರೋದು ನೀನು ಎದ್ದು ಓಡಾಡೋ ತನಕ."

ಮನೆಗೆ ಬಂದು ಹುಡುಗಿ ಎರಡು ಸಲ ಬಡಿಸಿಕೊಂಡು ಉಂಡಳು. ಬಡಿಸಿದ ನನ್ನ ಹೆಂಡತಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ತಾಯಿಗೆ ಮತ್ತೆರಡು ಆಪರೇಷನ್ ಆಯಿತು. ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯವರು ಹುಡುಗಿಯನ್ನೇ ಕೂರಿಸಿ, "ಅಲ್ಲೇ ಇರ್ತೀಯಾ?" ಎಂದು ಕೇಳಿದರು. "ಮಾವಂಗೆ ಕಥೆ ಹೇಳೋಕೆ ಬರಲ್ಲ, ಆದ್ರೂ ಇರ್ತೀನಿ," ಎಂದಳು. ನನ್ನನ್ನು ಅವಳು ಮಾವ ಎನ್ನುತ್ತಿದ್ದಳು. ಹತ್ತು ದಿನ ಎಂದದ್ದು ಒಂಬತ್ತು ತಿಂಗಳಾಯಿತು. ಚೀಲದಕ್ಕ ಆಗಾಗ ಬಂದು, ನಮ್ಮನ್ನು ಹೊರಗೆ ಕಳಿಸಿ, ಮಗುವಿನ ಹತ್ತಿರ ಒಬ್ಬರೇ ಮಾತಾಡುತ್ತಿದ್ದರು. ನಮ್ಮೆದುರು ಹೇಳಲಾಗದ್ದನ್ನು ಮಗು ಹೇಳಲಿ ಎಂದು; ಅದು ಸರಿಯಾದ ಪದ್ಧತಿ. ನಾನು ಕಥೆ ಹೇಳುವುದನ್ನೂ ಕಲಿತೆ. ದಿನವಿಡೀ ಸೂಜಿಯ ಸದ್ದೊಂದೇ ಇದ್ದ ನಮ್ಮ ಮನೆಗೆ ಮಾತು ತಂದವಳು ಅವಳು. ಆ ಉಪಕಾರ ಅವಳದು. ನಂಬಿ ಮಗಳನ್ನು ನಮ್ಮಲ್ಲಿ ಬಿಟ್ಟ ಆ ತಾಯಿಯದು ಇನ್ನೂ ದೊಡ್ಡದು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆ ದೊಡ್ಡದಿರಬೇಕಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಸಮಾಧಾನ ಬೇಕು, ತಪ್ಪು ಮಾಡಿದಾಗ ಒಪ್ಪಿಕೊಳ್ಳುವ ಬಾಯಿ ಬೇಕು, ಕಳಿಸಿಕೊಡುವ ಮನಸ್ಸು ಬೇಕು. ನಿಮ್ಮ ಊರಿನ ಮಕ್ಕಳ ರಕ್ಷಣಾ ಕಚೇರಿಗೆ ಹೋಗಿ ಒಂದು ಸಲ ವಿಚಾರಿಸಿ. ತಿಂಗಳಿಗೆ ಎರಡೇ ದಿನ ಆದರೂ ಸರಿ. ಯಾವುದೋ ಮಗು ನಿಮ್ಮ ಬಾಗಿಲಿಗಾಗಿ ಕಾಯುತ್ತಿರಬಹುದು.

ಹತ್ತಿಬೀಜ ಹೋದದ್ದು ಒಂದು ಗುರುವಾರ, ಬೆಳಿಗ್ಗೆ ಹತ್ತಕ್ಕೆ. ತಾಯಿ ಊರುಗೋಲು ಹಿಡಿದು ನಡೆದಳು. ಮಗಳು ಅವಳಿಗಿಂತ ಒಂದು ಹೆಜ್ಜೆ ಮುಂದೆ, ದಾರಿಯಲ್ಲಿ ಕಲ್ಲಿದ್ದರೆ ಕಾಲಿನಲ್ಲಿ ಸರಿಸುತ್ತಾ ಹೋದಳು.