ಅಂಬಲಿಯಲ್ಲಿ ಅರೆದ ಗುಳಿಗೆ

ನಡುರಾತ್ರಿ ಪಡಸಾಲೆಯಲ್ಲಿ ಯಾರೋ ಉಗುರಿನಿಂದ ಮೈ ಕೆರೆದುಕೊಳ್ಳುವ ಸಣ್ಣ ಸಪ್ಪಳ ಕೇಳಿ ಸರೋಜವ್ವ ಎದ್ದಳು. ಕಂದೀಲು ಹಿಡಿದು ಹೋದರೆ ಮಾವ ಉಳವಪ್ಪನವರ ಎದೆ, ತೋಳುಗಳೆಲ್ಲ ಕೆಂಪು ದದ್ದು.

ಬೆಳಗಾಗುವುದರೊಳಗೆ ಅತ್ತೆ ಮಹಾದೇವಕ್ಕ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದ್ದರು. ಅರವತ್ತೊಂದನೆಯ ಇಸವಿ, ಹತ್ತಿಮತ್ತೂರಿನಲ್ಲಿ ಆಗಲೇ ಎರಡು ಮನೆಗಳಲ್ಲಿ ಸಿಡುಬು ಎದ್ದಿತ್ತು. ಸಿಡುಬಿನ ದೇವಿ ಅವ್ವ ಬಂದ ಮನೆಯಲ್ಲಿ ಒಗ್ಗರಣೆ ಸಿಡಿಯಬಾರದು, ಔಷಧಿ ಮುಟ್ಟಬಾರದು. ಸವಣೂರಿನ ಡಾಕ್ಟರು ಹತ್ತು ದಿನದ ಹಿಂದೆ ಮಾವನ ಎದೆಬಡಿತಕ್ಕೆಂದು ಕೊಟ್ಟಿದ್ದ ಗುಳಿಗೆಯ ಬಾಟಲಿ ಅಟ್ಟಕ್ಕೇರಿತು.

"ಈ ವಯಸ್ಸಿನ್ಯಾಗ ಅವ್ವಗ ನಾನ ಸಿಕ್ಕೆನೇನು?" ಎಂದು ಉಳವಪ್ಪನವರು ನಕ್ಕರು. ಉಳಿದವರು ನಗಲಿಲ್ಲ.

ಒಂದು ಹೊತ್ತೂ ತಪ್ಪಿಸಬಾರದೆಂದು ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡವಳು ಧಾರವಾಡದಲ್ಲಿ ಕಾಲೇಜು ಓದಿದ್ದ ಸರೋಜವ್ವ. ಗಂಡ ಹತ್ತಿ ಮಾರಲು ಹುಬ್ಬಳ್ಳಿಗೆ ಹೋಗಿದ್ದ. ಅತ್ತೆಯೊಡನೆ ವಾದಿಸಿ ಗೆದ್ದವರಿಲ್ಲ. ಅವಳು ಕಣ್ಣು ತಪ್ಪಿಸಿ ಅಟ್ಟದಿಂದ ಗುಳಿಗೆ ತೆಗೆದು, ಅರೆದು, ಅಂಬಲಿಯಲ್ಲಿ ಕದಡಿ, ದಿನಕ್ಕೆ ಮೂರು ಸಲ ಕುಡಿಸಿದಳು. ಕಹಿಯಾಗಿದೆಯೆಂದು ಮಾವ ಅಂದಾಗ ಬೇವಿನೆಲೆ ಬಿದ್ದಿರಬೇಕು ಎಂದಳು.

ಮೂರನೆಯ ದಿನ ದದ್ದು ಮುಖಕ್ಕೇರಿತು, ತುಟಿ ಒಡೆಯಿತು. ಸಿಡುಬಾಗಿದ್ದರೆ ನೀರುಗುಳ್ಳೆ ಏಳಬೇಕಿತ್ತು, ಒಂದೂ ಎದ್ದಿರಲಿಲ್ಲ. ಅಂಬಲಿ ಕುಡಿದು ತಾಸು ಕಳೆಯುವಷ್ಟರಲ್ಲಿ ಮೈಯ ಉರಿ ಹೆಚ್ಚುವುದನ್ನು ಮಾತ್ರ ಅವಳು ಪ್ರತಿ ಸಲವೂ ನೋಡಿದ್ದಳು. ಆ ಸಂಜೆ ಬರಿಯ ಅಂಬಲಿ ಕೊಟ್ಟಳು. ಕೊಟ್ಟು, ಮಾವನ ಪಕ್ಕದಲ್ಲೇ ಕೂತಳು. ಗುಳಿಗೆ ಕೊಟ್ಟರೆ ಮೈ ಸುಡುತ್ತದೆ, ಬಿಟ್ಟರೆ ಎದೆ ನಿಂತೀತು. ಎರಡು ದಿನ ಮಾವನ ನಾಡಿ ಹಿಡಿದೇ ಕಳೆದಳು. ನಾಡಿ ತಪ್ಪುತ್ತಿತ್ತು, ನಿಲ್ಲಲಿಲ್ಲ. ದದ್ದು ಕಂದತೊಡಗಿತು.

ಐದನೆಯ ದಿನ ಅವ್ವನಿಗೆ ಮೊಸರನ್ನದ ಎಡೆ ಹಿಡಿದು ಕಳಿಸಿಕೊಟ್ಟ ಮೇಲೆ, ಇನ್ನು ಔಷಧಿ ಮುಟ್ಟಬಹುದೆಂದು ಅತ್ತೆಯೇ ಡಾಕ್ಟರನ್ನು ಕರೆಸಿದರು. ಡಾಕ್ಟರು ಮಾವನ ತೋಳು ಹೊರಳಿಸಿ ನೋಡಿ, ಇದು ಸಿಡುಬಲ್ಲ, ಗುಳಿಗೆ ಮೈಗೆ ಒಗ್ಗದೆ ಎದ್ದದ್ದು ಎಂದರು. ಇನ್ನೆಂದೂ ಕೊಡಕೂಡದೆಂದು ಅದರ ಹೆಸರನ್ನು ಚೀಟಿಯಲ್ಲಿ ಬರೆದು, ಬೇರೆ ಮದ್ದು ಕೊಟ್ಟರು.

"ಇನ್ನೆರಡು ದಿನ ನುಂಗಿಸಿದ್ರ ಚರ್ಮ ಸುಲೀತಿತ್ತು, ಜೀವಾನೂ ಉಳೀತಿರಲಿಲ್ಲ. ನಿಲ್ಲಿಸಿದವ್ರು ಯಾರ್ರೀ?"

"ಅವ್ವ ನಿಲ್ಲಿಸಿದ್ಲುರೀ," ಎಂದರು ಮಹಾದೇವಕ್ಕ. "ಮೊದಲನೇ ದಿನಾನ ಮ್ಯಾಲಿಟ್ಟೆ."

"ಹಂಗಾದ್ರ ಇಷ್ಟು ಯಾಕ ಏರಿತು?" ಡಾಕ್ಟರು ಸೊಸೆಯತ್ತ ತಿರುಗಿದರು.

ಸರೋಜವ್ವ ಸೆರಗು ಎಳೆದುಕೊಂಡಳು. ಹೇಳಿದರೆ ಮಾವ ಅವಳ ಕೈಯ ತುತ್ತನ್ನು ನಂಬಿ ಉಣ್ಣಲಾರರು; ಅತ್ತೆ ಹೊಸ ಮದ್ದನ್ನೂ ಒಳಗೆ ಬಿಡಲಾರರು. ಕೊಡಬಾರದ ಗುಳಿಗೆಯ ಹೆಸರು ಚೀಟಿಯಲ್ಲಿದೆ, ಅಷ್ಟು ಸಾಕು ಎಂದುಕೊಂಡಳು. ಸಾಲದೆಂದೂ ಅನ್ನಿಸಿತು.

"ಗೊತ್ತಿಲ್ರೀ," ಎಂದು ಚೀಟಿಯನ್ನು ಇಸಿದುಕೊಂಡಳು. ಗಂಡ ಹುಬ್ಬಳ್ಳಿಯಿಂದ ಬಂದ ಮೇಲೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅಲ್ಲಿಯೇ ನಿಶ್ಚಯಿಸಿದಳು.