ಬೋಸ್ಟನ್ ವಿಮಾನದ ಸೂರ್ಯಾಸ್ತ

ರಂಜಾನ್ ತಿಂಗಳಲ್ಲಿ ನಮ್ಮ ಕಂಪನಿಯ ಪ್ರತಿ ವಿಮಾನಕ್ಕೂ ಒಂದು ಚೀಟಿ ಹೋಗುತ್ತದೆ. ದಾರಿಯಲ್ಲಿ ಎಷ್ಟು ಗಂಟೆಗೆ ಸೂರ್ಯ ಮುಳುಗುತ್ತಾನೆ ಎಂದು ಅದರಲ್ಲಿ ಬರೆದಿರುತ್ತದೆ. ಕ್ಯಾಪ್ಟನ್ ಓದಿ ಹೇಳುತ್ತಾನೆ, ಉಪವಾಸವಿದ್ದವರು ಖರ್ಜೂರ ಬಾಯಿಗಿಡುತ್ತಾರೆ. ಕಾಸಾಬ್ಲಾಂಕಾ ವಿಮಾನ ನಿಲ್ದಾಣದ ಎರಡನೇ ಮಹಡಿಯಲ್ಲಿ ಕೂತು ಆ ಚೀಟಿ ಬರೆಯುತ್ತಿದ್ದವಳು ನಾನು. ಭೂಗೋಳದಲ್ಲಿ ಎಂ.ಎ. ಮಾಡಿದ್ದಕ್ಕೆ ಸಿಕ್ಕಿದ ಕೆಲಸ. ವರ್ಷದ ಗುತ್ತಿಗೆ.

ಆ ವರ್ಷ ಬೋಸ್ಟನ್ನಿಗೆ ನೇರ ವಿಮಾನ ಶುರುವಾಯಿತು. ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟಿದರೆ ಏಳೂವರೆ ಗಂಟೆ. ಮೊದಲ ಹಾರಾಟ ರಂಜಾನಿನ ಹದಿನಾಲ್ಕನೆಯ ದಿನ, ಮಧ್ಯಾಹ್ನ ಮೂರಕ್ಕೆ. ಪ್ರಚಾರ ವಿಭಾಗದ ಮುಖ್ಯಸ್ಥ ತಹಾಮಿ, ಗೌರವಕ್ಕೆ ಎಲ್ಲರ ಬಾಯಲ್ಲೂ ಸಿ ತಹಾಮಿ, 'ಅಟ್ಲಾಂಟಿಕ್ ಮೇಲೊಂದು ಇಫ್ತಾರ್' ಎಂದು ಊರೆಲ್ಲ ಫಲಕ ಹಾಕಿಸಿದ್ದರು. ಹರೀರಾ ಸೂಪು, ಜೇನಿನಲ್ಲಿ ಅದ್ದಿದ ಶಬಾಕಿಯಾ, ಬಂಗಾರದ ಅಕ್ಷರದ ಊಟದ ಪಟ್ಟಿ.

ನನ್ನ ಅತ್ತೆ ಲಲ್ಲಾ ಖದ್ದೂಜ್ ಅದೇ ವಿಮಾನಕ್ಕೆ ಟಿಕೆಟ್ ತೆಗೆಸಿದರು. ನಾದಿನಿ ಬೋಸ್ಟನ್ನಿನಲ್ಲಿದ್ದಾಳೆ. ಪ್ಯಾರಿಸಿನಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕೆಂಬ ಭಯಕ್ಕೇ ಅತ್ತೆ ಒಂಬತ್ತು ವರ್ಷ ಹೋಗಿರಲಿಲ್ಲ.

"ಪ್ರಯಾಣದಲ್ಲಿ ಉಪವಾಸ ಬಿಡಬಹುದಲ್ಲ, ಅತ್ತೆ," ಎಂದೆ.

"ಬಿಡೋರು ಬಿಡಲಿ. ಹೆರಿಗೆ, ಮುಟ್ಟು ಬಿಟ್ರೆ ನಾನು ಒಂದಿನ ಬಿಟ್ಟೋಳಲ್ಲ. ಚೀಟಿ ಬರೆಯೋಳು ನೀನೇ ತಾನೆ? ನೀನು ಹೇಳಿದ ಹೊತ್ತಿಗೆ ಖರ್ಜೂರ ಬಾಯಿಗೆ. ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ."

ಮೂರು ಖರ್ಜೂರದ ಬೀಜ ತೆಗೆದು ಕರವಸ್ತ್ರದ ತುದಿಗೆ ಕಟ್ಟಿಕೊಂಡರು.

ಲೆಕ್ಕ ಮೊದಲೇ ಮಾಡಬಹುದಿತ್ತು. ಮಾಡಲಿಲ್ಲ. ಪ್ಯಾರಿಸ್, ಜಿದ್ದಾದ ಚೀಟಿಗಳ ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ. ಹಾರುವ ದಾರಿಯ ನಕ್ಷೆ ಆ ದಿನ ಬೆಳಿಗ್ಗೆ ಮೇಜಿಗೆ ಬಂದಾಗ ಕೂತು ಮಾಡಿದೆ. ಮೂರು ಸಲ ಮಾಡಿದೆ. ವಿಮಾನ ಪಶ್ಚಿಮಕ್ಕೆ ಹೋಗುತ್ತದೆ, ಸೂರ್ಯನೂ ಪಶ್ಚಿಮಕ್ಕೆ ಹೋಗುತ್ತಾನೆ. ಕಾಸಾಬ್ಲಾಂಕಾದಲ್ಲಿ ಆರು ಮೂವತ್ತೆಂಟಕ್ಕೆ ಬಾಂಗು ಕೂಗುವಾಗ ವಿಮಾನ ನಡುಸಮುದ್ರದ ಮೇಲೆ ಹಗಲಿನಲ್ಲಿರುತ್ತದೆ. ಬೋಸ್ಟನ್ನಿನಲ್ಲಿ ಇಳಿದಾಗಲೂ ಸೂರ್ಯ ಎರಡು ಬೆರಳು ಮೇಲೆಯೇ. ಅವನು ಮುಳುಗುವುದು ಇನ್ನೂ ಇಪ್ಪತ್ತು ನಿಮಿಷ ಕಳೆದ ಮೇಲೆ. ಬೆಳಗಿನ ಜಾವದಿಂದ ಎಣಿಸಿದರೆ ಹದಿನೇಳೂವರೆ ಗಂಟೆಯ ಉಪವಾಸ.

ಸೂರ್ಯಾಸ್ತದ ಜಾಗ ಖಾಲಿ ಬಿಟ್ಟೆ.

ಒಂದು ಗಂಟೆಗೆ ಸಿ ತಹಾಮಿ ತಾವೇ ಮೇಲೆ ಬಂದರು.

"ವಿಸಾಲ್, ಏನಮ್ಮ ಇದು, ಸಮಯಾನೇ ಬರೆದಿಲ್ಲ?"

"ಆ ವಿಮಾನದಲ್ಲಿ ಸೂರ್ಯ ಮುಳುಗಲ್ಲ."

"ಮುಳುಗದೆ ಎಲ್ಲಿಗೆ ಹೋಗ್ತಾನೆ? ಅವನಿಗೂ ಪುಕ್ಕಟೆ ಟಿಕೆಟ್ ಕೊಟ್ಟಿದೀವಾ?"

ಪಕ್ಕದ ಮೇಜಿನವರು ನಕ್ಕರು. ನಾನು ಲೆಕ್ಕದ ಹಾಳೆಯನ್ನು ಅವರ ಕಡೆ ತಿರುಗಿಸಿದೆ. ಓದಿದರು. ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು.

"ಸರಿ. ಆರು ಮೂವತ್ತೆಂಟು ಅಂತ ಬರಿ. ನಮ್ಮೂರ ಸಮಯ. ಕಿಟಕಿ ಪರದೆ ಇಳಿಸಿಬಿಡ್ತೀವಿ."

"ಹೊರಗೆ ಬಿಸಿಲಿರುತ್ತೆ."

"ಇರಲಿ ಬಿಡು ತಾಯಿ! ಪತ್ರಿಕೆಯವರನ್ನ ಕೂರಿಸ್ಕೊಂಡು, ಇಫ್ತಾರ್ ಇಲ್ಲ, ಸುಮ್ನೆ ಕೂತ್ಕೊಳ್ಳಿ ಅನ್ನಲಾ? ಪ್ರಯಾಣಿಕರಿಗೆ ದೋಷವಿಲ್ಲ. ನೀನು ಸಾಯಂಕಾಲ ಅಂದ್ರೆ ಸಾಯಂಕಾಲ. ಯಾರು ಬಂದು ಕೇಳ್ತಾರೆ?" ಬಾಗಿಲ ಹತ್ತಿರ ನಿಂತು ತಿರುಗಿದರು. "ನಿನ್ನ ಗುತ್ತಿಗೆ ಯಾವಾಗ ಮುಗಿಯೋದು?"

"ಈದ್ ಆದ್ಮೇಲೆ."

"ಹಾಂ. ನೋಡ್ಕೊಂಡು ಬರಿ."

ಎರಡು ವರ್ಷದ ಹಿಂದೆ, ಅದೂ ರಂಜಾನೇ, ನನ್ನ ಗಂಡ ಜವಾದ್ ಮಲಗಿದ್ದ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಕೆಲವೇ ಗಂಟೆ ಎಂದಿದ್ದರು. ಹೊರಗೆ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಏನಂದ್ರು ಎಂದು ಕೇಳಿದರು. ಜವಾದನನ್ನು ಸಾಯಂಕಾಲದೊಳಗೆ ಮನೆಗೆ ಕಳಿಸ್ತಾರಂತೆ ಎಂದೆ. ಮಗನಿಗೆ ಹರೀರಾ ಮಾಡಿಡಲು ಅತ್ತೆ ಮನೆಗೆ ಹೋದರು. ಜವಾದ್ ನಾಲ್ಕೂ ಹತ್ತಕ್ಕೆ ತೀರಿಕೊಂಡ. ಅವನ ಬಳಿ ಆಗ ಇದ್ದವಳು ನಾನೊಬ್ಬಳೇ. ಆ ಮಾತಿನ ಬಗ್ಗೆ ಅತ್ತೆ ನನ್ನನ್ನು ಒಂದು ದಿನವೂ ಕೇಳಿರಲಿಲ್ಲ.

ಚೀಟಿಯಲ್ಲಿ ಬರೆದೆ: 'ಈ ಹಾರಾಟದಲ್ಲಿ ಸೂರ್ಯಾಸ್ತವಿಲ್ಲ. ಇಳಿದ ಇಪ್ಪತ್ತು ನಿಮಿಷದ ನಂತರ, ಬೋಸ್ಟನ್ನಿನಲ್ಲಿ. ಪ್ರಯಾಣಿಕರಿಗೆ ಉಪವಾಸ ಬಿಡುವ ಅನುಮತಿಯಿದೆ. ಇಷ್ಟ ಅವರವರದು.' ಸಹಿ ಹಾಕಿ ನೇರವಾಗಿ ಕ್ಯಾಪ್ಟನ್ ಕೈಗೆ ಕೊಟ್ಟುಬಂದೆ. ಒಂದು ಪ್ರತಿಯನ್ನು ಸಿ ತಹಾಮಿಯವರ ಮೇಜಿನ ಮೇಲಿಟ್ಟೆ.

ವಿಮಾನ ಮೂರೂ ಐದಕ್ಕೆ ಎದ್ದಿತು. ಮೊದಲ ಹಾರಾಟದ ಗೌರವಕ್ಕೆ ಅಗ್ನಿಶಾಮಕದವರು ಎರಡೂ ಕಡೆಯಿಂದ ನೀರು ಹಾರಿಸಿದರು. ಗುತ್ತಿಗೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಈದ್ ಆದ ಮೇಲೆ ಅದು ತಾನಾಗಿ ಮುಗಿಯಿತು.

ವಿಮಾನ ಹೊರಟ ಮರುದಿನ ಸಂಜೆ, ನಾನು ಮನೆಯಲ್ಲಿ ತಟ್ಟೆ ಇಟ್ಟುಕೊಂಡು ಕೂತಿದ್ದಾಗ, ಅತ್ತೆಯ ಫೋನು ಬಂತು.

"ಏನು ಬಿಸಿಲು ಅಂತೀ! ಕಣ್ಣಿಗೇ ಹೊಡೀತಿತ್ತು. ಆ ಕ್ಯಾಪ್ಟನ್ ಹೇಳಿದ, ಇವತ್ತು ಮುಳುಗಲ್ಲ, ಇಷ್ಟ ನಿಮ್ಮದು ಅಂತ. ಪಕ್ಕದಲ್ಲಿದ್ದ ಗಡ್ಡದೋನು ಮಾತು ಮುಗಿಯೋಕೆ ಮುಂಚೆ ಸೂಪಿಗೆ ಬಾಯಿ ಹಾಕಿದ. ಹಾಜಿ ಬೇರೆ!"

"ನೀವು?"

"ನಾನೂ ತಿಂದೆ."

ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಯಾಕೆ, ನಾಲಿಗೆ ಬಿದ್ದುಹೋಯ್ತಾ? ಹಸಿವಾಯ್ತು, ತಿಂದೆ. ಈದ್ ಕಳೆದ ಮೇಲೆ ಒಂದಿನ ಹಿಡಿದು ತೀರಿಸ್ತೀನಿ. ಗೊತ್ತಿದ್ದೇ ತಿಂದೆ, ವಿಸಾಲ್. ಯಾರೂ ನಂಬಿಸಿ ತಿನ್ನಿಸಲಿಲ್ಲ. ಉಪ್ಪೇ ಇರಲಿಲ್ಲ ಆ ಸೂಪಿಗೆ."

ಆ ಕಡೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ನೀರು ನಿಂತಿತು.

"ಅವತ್ತು ಆಸ್ಪತ್ರೇಲೂ ನೀನು ಹೀಗೇ ಹೇಳಿದ್ದಿದ್ರೆ, ನಾನು ಸೂಪು ಮಾಡೋಕೆ ಹೋಗ್ತಿರಲಿಲ್ಲ."

"ಹೌದು ಅತ್ತೆ," ಎಂದೆ.

"ಹೂಂ."

ಆಮೇಲೆ ಕೇಳಿದರು: "ಅಲ್ಲಿ ಮುಳುಗಿದ್ನಾ?"

"ಇನ್ನೂ ನಾಲ್ಕು ನಿಮಿಷ ಇದೆ."

"ಖರ್ಜೂರ ಕೈಗೆ ತಗೋ. ನಾನು ಲೈನಲ್ಲೇ ಇರ್ತೀನಿ."

ಖರ್ಜೂರ ಕೈಗೆ ತೆಗೆದುಕೊಂಡೆ. ಬಾಂಗು ಕೂಗುವವರೆಗೂ ಫೋನು ಕಿವಿಗೇ ಇತ್ತು.